ಗಿಟಾರಿನ ಜಳಕ

ಮನೆಯ ಮೂಲೆಯಲ್ಲಿ ಜಳಕ ಮಾಡುವ ಮೋರಿಯ ಗೋಡೆಗೆ ಒರಗಿ ಗಿಟಾರು ನಿಂತಿತ್ತು. ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಟ್ಟೆಯ ದುಂಡು ತೂತಿನೊಳಗೂ ನೀರು ಗುಳುಗುಳು ಎನ್ನುತ್ತಿತ್ತು.

ಸೋನಾಲಿ ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿ ಚೆಂಡುಹೂವಿನ ಪೊಟ್ಟಣವಿತ್ತು. ಆಯುಧಪೂಜೆಯ ಹಬ್ಬಕ್ಕೆ ಹೂ ತರಲು ಅವ್ವ ಅವಳನ್ನು ಜೋಗೇಶ್ವರಿ ಸ್ಟೇಶನ್ ಹತ್ತಿರ ಕಳಿಸಿದ್ದಳು. ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಇದು ಆಗಿತ್ತು.

ಆಯಿ ಮೋರಿಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಿಟಾರಿನ ಬೆನ್ನು ಒರೆಸುತ್ತಿದ್ದಳು. ಆಯಿ ಅಂದರೆ ಸೋನಾಲಿಯ ಅಜ್ಜಿ, ಸುಂದ್ರವ್ವ. ಅವರ ಊರು ವಿಜಯಪುರದ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುತ್ತಾರೆ. ಮುಂಬೈಯಲ್ಲಿ ಆಯಿ ಅಂದರೆ ತಾಯಿ. ಹಾಗಾಗಿ ಸ್ಕೂಲಿನ ಗೆಳತಿಯರು, ನಿನ್ನ ಆಯಿ ಇಷ್ಟು ಮುದುಕಿಯಾ ಎಂದು ಕೇಳಿ ನಗುತ್ತಿದ್ದರು.

ಆಯಿಯ ಪಕ್ಕದಲ್ಲಿ ಅಪ್ಪನ ಸಾಮಾನುಗಳು ತೊಳೆದುಕೊಂಡು ಸಾಲಾಗಿ ಕೂತಿದ್ದವು. ಅಪ್ಪ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸದವನು. ಅವನ ಕರಣಿ, ಸುತ್ತಿಗೆ, ಟೈಲ್ಸ್ ಕಟರ್ ಎಲ್ಲವಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟಾಗಿತ್ತು.

"ಆಯಿ, ಏನ್ ಮಾಡಿದಿ ಇದು?" ಸೋನಾಲಿ ಕೂಗಿದಳು.

"ಜಳಕ ಮಾಡ್ಸೀನಿ," ಎಂದಳು ಆಯಿ. "ಇವತ್ತ ಖಂಡೆ ಪೂಜಿ ಅಲ್ಲೇನು? ನಿಮ್ಮಪ್ಪನ ಸಾಮಾನಕ್ಕ ಜಳಕ ಆತು. ಅವನ ಸಾಮಾನಕ್ಕ ಯಾರು ಮಾಡಸ್ಬೇಕು?"

ಅವನ ಸಾಮಾನು ಎಂದಾಗ ಆಯಿ ಹೆಸರು ಹೇಳಲಿಲ್ಲ. ಒಂದು ವರ್ಷದಿಂದ ಹೇಳಿರಲಿಲ್ಲ.

ಸೋನಾಲಿ ಹೂವಿನ ಪೊಟ್ಟಣ ಬಿಟ್ಟು ಓಡಿಬಂದು ಗಿಟಾರು ಕಸಿದುಕೊಂಡಳು. ಅದು ಹಿಂದೆಂದಿಗಿಂತ ಭಾರವಾಗಿತ್ತು. ಸೀಗೆಪುಡಿಯ ವಾಸನೆ ಬರುತ್ತಿತ್ತು. ಗಿಟಾರಿನ ಹಣೆಯ ಮೇಲೂ ಒಂದು ಕುಂಕುಮದ ಬೊಟ್ಟು ಇತ್ತು.

ಗಿಟಾರು ಅವಳ ಅಣ್ಣ ಶ್ರೀಮಂತನದು. ಹೋದ ವರ್ಷ ಗಣಪತಿ ಮುಳುಗಿಸಿದ ವಾರ, ಕಾಲೇಜಿಗೆ ಹೋಗುವಾಗ ಶ್ರೀಮಂತ ತುಂಬಿದ ಲೋಕಲ್ ರೈಲಿನಿಂದ ಬಿದ್ದ. ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಸತ್ತವರಿದ್ದ ಮನೆಯಲ್ಲಿ ವರ್ಷ ಕಳೆಯುವವರೆಗೆ ಹಬ್ಬ ಮಾಡುವುದಿಲ್ಲ. ಅವನು ಹೋದ ಮೇಲೆ ಈ ಖಂಡೆ ಪೂಜೆಯೇ ಮೊದಲ ಹಬ್ಬ.

ಆ ವರ್ಷಪೂರ್ತಿ ಗಿಟಾರು ನೋಡಿಕೊಂಡವಳು ಸೋನಾಲಿ. ಅವಳಿಗೆ ನುಡಿಸಲು ಬರುತ್ತಿರಲಿಲ್ಲ. ಆದರೆ ಅಣ್ಣ ಅದನ್ನು ಹೇಗೆ ಇಟ್ಟುಕೊಳ್ಳುತ್ತಿದ್ದ ಎಂದು ನೋಡಿ ನೋಡಿ ಬಾಯಿಪಾಠವಾಗಿತ್ತು. ಪ್ರತಿ ರವಿವಾರ ಅದನ್ನು ಬ್ಯಾಗಿನಿಂದ ತೆಗೆಯುವಳು. ಅಣ್ಣನ ಹಳೆಯ ಟೀಶರ್ಟಿನ ತುಂಡಿನಿಂದ ಒಂದೊಂದೇ ತಂತಿ ಒರೆಸುವಳು. ತಂತಿಯ ಮೇಲೂ ಕೆಳಗೂ ಒಣ ಬಟ್ಟೆ, ಒದ್ದೆ ಬಟ್ಟೆ ಯಾವತ್ತೂ ಇಲ್ಲ. ಮಳೆಗಾಲದ ತೇವ ಹೀರಲಿ ಎಂದು ಬ್ಯಾಗಿನೊಳಗೆ ಅಕ್ಕಿಯ ಸಣ್ಣ ಗಂಟು ಇಡುವಳು. ಅಡುಗೆಯ ಹಬೆ ತಾಗದಂತೆ ಕಪಾಟಿನ ಆ ಕೊನೆಯಲ್ಲಿ ನಿಲ್ಲಿಸುವಳು.

ಒಂದನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಗಿಟಾರಿನ ತಲೆಯಲ್ಲಿ ತಂತಿ ಬಿಗಿಮಾಡುವ ಕೀಗಳಿರುತ್ತವೆ. ಅವನ್ನು ಕೊನೆಗೆ ತಿರುಗಿಸಿದ್ದು ಅಣ್ಣನ ಬೆರಳು. ಅವು ಹಾಗೆಯೇ ಇರಬೇಕು ಎಂದು ಸೋನಾಲಿ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಯಾರೂ ನುಡಿಸದಿದ್ದರೆ ತಂತಿಗಳನ್ನು ಸಡಿಲ ಬಿಡಬೇಕು ಎಂದು ದೂಜ ಅಂಕಲ್ ಆಗಲೇ ಹೇಳಿದ್ದರು. ಅವಳು ಹೂಂ ಅಂದಿದ್ದಳು. ಮಾಡಿರಲಿಲ್ಲ.

ದೂಜ ಅಂಕಲ್ ಎರಡು ಗಲ್ಲಿ ಆಚೆ ಇರುತ್ತಾರೆ. ಮಂಗಳೂರು ಕಡೆಯವರು. ವಾರವೆಲ್ಲ ಮುಂಬೈಯ ಫೋರ್ಟ್ ಭಾಗದ ಒಂದು ಹೋಟೆಲಿನಲ್ಲಿ ಕ್ಯಾಶಿಯರ್, ರವಿವಾರ ಚರ್ಚಿನಲ್ಲಿ ಗಿಟಾರು. ಶ್ರೀಮಂತನಿಗೆ ಕಲಿಸಿದವರು ಅವರೇ.

ಸೋನಾಲಿ ಗಿಟಾರಿಗೆ ಚಾದರ ಸುತ್ತಿ ಎತ್ತಿಕೊಂಡು ಅವರ ಮನೆಗೆ ಓಡಿದಳು. ಒತ್ತೊತ್ತಾಗಿ ಮನೆಗಳಿರುವ ಚಾಳಿನಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಅಂಥಲ್ಲಿ ಅವಳು ಅಳುತ್ತಾ ಓಡಿದ್ದು ಯಾರಿಗೂ ಗೊತ್ತಾಗದೆ ಇರಲಿಲ್ಲ.

ದೂಜ ಅಂಕಲ್ ಚಾದರ ಬಿಚ್ಚಿ ನೋಡಿದರು. ಕುಂಕುಮದ ಬೊಟ್ಟು ನೋಡಿ, ಆದದ್ದೇನು ಎಂದು ಕೇಳದೆಯೇ ತಿಳಿದುಕೊಂಡರು. ಗಿಟಾರನ್ನು ಬೋರಲು ಮಾಡಿ ಒಳಗಿನ ನೀರು ಸುರಿದರು. ಒಣ ಟವೆಲಿನಿಂದ ಒರೆಸಿದರು. ಆಮೇಲೆ ಅವರ ಬೆರಳು ತಂತಿಯ ಮೇಲೆ ಒತ್ತಿ ನಿಂತಿತು.

"ಇನ್ನೂ ಬಿಗಿಯೇ ಉಂಟಲ್ಲ," ಎಂದರು. "ಮೊದಲು ಇದನ್ನು ಸಡಿಲ ಮಾಡುವ."

ಸೋನಾಲಿ ಅವರ ಕೈ ಹಿಡಿದುಕೊಂಡಳು. "ಬೇಡ ಅಂಕಲ್. ಅದು ಅಣ್ಣ ಟ್ಯೂನ್ ಮಾಡಿದ್ದು."

ದೂಜ ಅಂಕಲ್ ತಂತಿಯಿಂದ ಬೆರಳು ತೆಗೆದರು. ಆಮೇಲೆ ಮೆಲ್ಲಗೆ ಹೇಳಿದರು. "ಮರ ಒದ್ದೆ ಉಂಟು ಮಗಾ. ತಂತಿ ಅದನ್ನು ಎಳೀತಾ ಉಂಟು. ಹೀಗೇ ಬಿಟ್ಟರೆ ಎದುರಿನ ಹಲಗೆ ಕಿತ್ತು ಬರ್ತದೆ. ಕೀ ನಾನು ಮುಟ್ಟುದಿಲ್ಲ. ನೀನೇ ಮಾಡು, ನಿಧಾನ."

ಸೋನಾಲಿ ಮೊದಲ ಕೀ ಹಿಡಿದಳು. ತಣ್ಣಗಿತ್ತು. ತಿರುಗಿಸಿದಳು. ದೂಜ ಅಂಕಲ್ ತಂತಿಯನ್ನು ಮೀಟುತ್ತ ಹೋದರು. ದಪ್ಪ ತಂತಿಯ ದನಿ, ನಿದ್ದೆಗೆ ಜಾರುವವರ ಮಾತಿನ ಹಾಗೆ, ಇಳಿಯುತ್ತಾ ಇಳಿಯುತ್ತಾ ಕೇಳದಾಯಿತು. ಹೀಗೆ ಒಂದೊಂದಾಗಿ ಎಲ್ಲ ತಂತಿಗಳೂ ಸುಮ್ಮನಾದವು. ಅಣ್ಣ ಮಾಡಿಟ್ಟಿದ್ದನ್ನು ತನ್ನ ಕೈಯಾರೆ ಅಳಿಸಿದ ಹಾಗೆ ಅವಳಿಗೆ ಅನ್ನಿಸಿತು. ಇದಕ್ಕೆಲ್ಲ ಕಾರಣ ಆಯಿ.

ಗಿಟಾರು ಅಲ್ಲೇ ಉಳಿಯಿತು. ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ, ನೆರಳಿನಲ್ಲೇ ನಿಧಾನವಾಗಿ ಒಣಗಬೇಕು ಎಂದರು ದೂಜ ಅಂಕಲ್. ಮತ್ತೆ ಮೊದಲಿನ ಹಾಗೆ ಆಗುತ್ತದಾ ಎಂದು ಕೇಳಿದ್ದಕ್ಕೆ, ಒಣಗಿದ ಮೇಲೆ ನೋಡುವ ಎಂದರು.

ಮರುದಿನ ದಸರಾ. ಊರಿನ ಕಡೆ ಆ ದಿನ ಚಿಕ್ಕವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಜಗಳವಾಡಿದವರೂ ಬನ್ನಿ ಕೊಟ್ಟು ಮಾತಾಡಿಕೊಳ್ಳುತ್ತಾರೆ. ಮುಂಬೈಯಲ್ಲಿ ಆ ಎಲೆ ಸ್ಟೇಶನ್ ಮುಂದೆ ಕಟ್ಟುಕಟ್ಟಾಗಿ ಮಾರಾಟಕ್ಕೆ ಬರುತ್ತದೆ. ಸೋನಾಲಿ ಅಪ್ಪನಿಗೆ ಕೊಟ್ಟಳು, ಅವ್ವನಿಗೆ ಕೊಟ್ಟಳು, ಪಕ್ಕದ ಮನೆಯವರಿಗೂ ಕೊಟ್ಟಳು. ಆಯಿ ಗೋಡೆಗೆ ಒರಗಿ ಕೂತು, ಅಂಗೈಯನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಕಾಯುತ್ತಿದ್ದಳು.

ಸೋನಾಲಿ ಅವಳ ಮುಂದಿನಿಂದ ಹಾದು ಹೊರಗೆ ಹೋದಳು. ಕೊನೆಯ ಎಲೆಯನ್ನು ಕಂಪಾಸ್ ಬಾಕ್ಸಿಗೆ ತುರುಕಿದಳು.

ಅಪ್ಪ ಬೈಯಲು ಎದ್ದ. ಆಯಿಯೇ ಅವನ ಕೈ ಹಿಡಿದು ಕೂರಿಸಿದಳು.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಒಂದೇ ಖೋಲಿಯ ಮನೆಯಲ್ಲಿ ಮಾತು ಬಿಡುವುದು ಸುಲಭದ ಕೆಲಸವಲ್ಲ. ನೀರಿನ ಕೊಡದ ಹತ್ತಿರ, ಊಟದ ತಟ್ಟೆಯ ಹತ್ತಿರ ಮುಖ ಎದುರಾಗುತ್ತಲೇ ಇರುತ್ತದೆ. ಆಯಿ ಈಗ ಸೋನಾಲಿಯ ಯಾವ ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ಸ್ಕೂಲಿನ ಬ್ಯಾಗು ದಾರಿಯಲ್ಲಿ ಬಿದ್ದಿದ್ದರೂ ದಾಟಿ ಹೋಗುತ್ತಿದ್ದಳು. ಸೋನಾಲಿಯ ಎರಡು ಜಡೆ ಹೆಣೆಯುವವಳು ಮೊದಲಿನಿಂದಲೂ ಆಯಿ. ಈಗ ಸೋನಾಲಿ ತಾನೇ ರಬ್ಬರ್ ಹಾಕಿಕೊಂಡು ಹೋಗುತ್ತಿದ್ದಳು. ಕೂದಲು ಒಂದು ಕಡೆ ಉಬ್ಬಿಕೊಂಡು ನಿಲ್ಲುತ್ತಿತ್ತು.

ಅದು ಒಣಗಿತಂತೇನು, ಕೇಳು ಅಕಿನ್ನ ಎಂದು ಆಯಿ ಅವ್ವನಿಗೆ ಹೇಳುವುದು ಸೋನಾಲಿಯ ಕಿವಿಗೆ ಬೀಳುತ್ತಿತ್ತು. ಅವಳು ಕೇಳದವಳ ಹಾಗೆ ಇರುತ್ತಿದ್ದಳು. ಆಯಿಯ ಮೇಲೆ ಅವಳಿಗೆ ಅಷ್ಟು ಸಿಟ್ಟಿತ್ತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಗಿಟಾರು ಮತ್ತೆ ದನಿ ಮಾಡದಿದ್ದರೆ ಅಣ್ಣನದು ಅಂತ ಮನೆಯಲ್ಲಿ ಉಳಿಯುವುದು ಗೋಡೆಯ ಮೇಲಿನ ಫೋಟೋ ಒಂದೇ.

ದೀಪಾವಳಿಗೆ ಸ್ವಲ್ಪ ಮುಂಚೆ ದೂಜ ಅಂಕಲ್ ಕರೆ ಕಳಿಸಿದರು.

ಗಿಟಾರು ಟೇಬಲ್ಲಿನ ಮೇಲೆ ಮಲಗಿತ್ತು. ತಂತಿಗಳನ್ನೆಲ್ಲ ಬಿಚ್ಚಿದ್ದರು. ನೀರಿನಿಂದ ಹಿಂದಿನ ಹಲಗೆಯ ಅಂಚು ಬಿಟ್ಟುಕೊಂಡಿತ್ತು, ಅದನ್ನು ಅಂಟಿಸಿ ಆಗಿದೆ ಎಂದರು. ಅದೇನು ದೊಡ್ಡದಲ್ಲ. ದೊಡ್ಡದು ಬೇರೆ ಇದೆ ಎಂದು ಎದುರಿನ ಹಲಗೆಯನ್ನು ತೋರಿಸಿದರು. ಅಲ್ಲಿ ತಂತಿಗಳ ಬುಡವನ್ನು ಹಿಡಿದಿಡುವ ಒಂದು ಮರದ ಪಟ್ಟಿ ಇರುತ್ತದೆ, ಬ್ರಿಜ್ ಎನ್ನುತ್ತಾರೆ. ಅದು ಹಿಂಬದಿಯಲ್ಲಿ ಎದ್ದು ಬಂದಿತ್ತು.

ದೂಜ ಅಂಕಲ್ ಒಂದು ತೆಳು ಕಾಗದವನ್ನು ಆ ಸಂದಿನೊಳಗೆ ತೂರಿಸಿ ಹೊರಗೆಳೆದರು. ಕಾಗದದ ಅಂಚಿಗೆ ಕಪ್ಪು ಧೂಳು ಮೆತ್ತಿಕೊಂಡು ಬಂತು.

"ಇದು ಮೊನ್ನೆಯ ನೀರಿನದ್ದಲ್ಲ," ಎಂದರು. "ಇಷ್ಟು ಧೂಳು ಕೂರ್ಲಿಕ್ಕೆ ತಿಂಗಳುಗಟ್ಟಲೆ ಬೇಕು. ಮಳೆಗಾಲ ಇಡೀ ಬಿಗಿ ತಂತಿ ಎಳೆದೂ ಎಳೆದೂ ಎದ್ದದ್ದು."

ಅಷ್ಟೇ ಹೇಳಿದರು. ನಾನು ಹೇಳಿರಲಿಲ್ಲವಾ ಎಂದು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಸೋನಾಲಿಗೆ ಅನ್ನಿಸಿತು.

ಅವಳು ಆ ಕಪ್ಪು ಅಂಚನ್ನೇ ನೋಡುತ್ತಾ ನಿಂತಳು. ಪ್ರತಿ ರವಿವಾರ ಒರೆಸಿದ್ದಳಲ್ಲ. ಮೇಲೆ ಮೇಲೆ ಹೊಳೆಯುತ್ತಿತ್ತು. ಹೊಳೆಯುವ ತಂತಿಗಳ ಬುಡದಲ್ಲೇ ಬ್ರಿಜ್ ದಿನಾ ಸ್ವಲ್ಪ ಸ್ವಲ್ಪ ಕಿತ್ತು ಬರುತ್ತಿತ್ತು.

ಬ್ರಿಜ್ ಅಂಟಿಸಿ ಒತ್ತಿ ಕಟ್ಟಿಡುತ್ತೇನೆ, ಹೊಸ ತಂತಿ ಹಾಕುವ, ಮುಂದಿನ ರವಿವಾರ ಬಾ ಎಂದರು ದೂಜ ಅಂಕಲ್. ದನಿ ಮಾತ್ರ ಮೊದಲಿನದು ಬರಲಿಕ್ಕಿಲ್ಲ, ಸ್ವಲ್ಪ ಮಂದ ಆಗಬಹುದು ಎಂದೂ ಹೇಳಿದರು. ಹಳೆಯ ತಂತಿಗಳನ್ನು ಬಳೆಯ ಹಾಗೆ ಸುತ್ತಿ ಅವಳ ಕೈಗೆ ಕೊಟ್ಟರು.

ಮನೆಗೆ ಬಂದಾಗ ಆಯಿ ಒಬ್ಬಳೇ ಇದ್ದಳು. ಮೊಣಕಾಲು ಹಿಡಿದುಕೊಂಡು ಎದ್ದಳು. ಇಷ್ಟು ದಿನದಲ್ಲಿ ಮೊದಲ ಸಲ ನೇರವಾಗಿ ಕೇಳಿದಳು.

"ಆರಾಮಾತೇನು ಅದಕ್ಕ?"

ಕಾಯಿಲೆ ಬಿದ್ದವರನ್ನು ಕೇಳುವ ಹಾಗೆ ಕೇಳಿದಳು. ಸೋನಾಲಿಗೆ ಹೇಳಬೇಕಾದ್ದು ಹಿಂದಿಯಲ್ಲಿ ಬರುತ್ತಿತ್ತು, ಕನ್ನಡದಲ್ಲಿ ಬರುತ್ತಿರಲಿಲ್ಲ. ಆಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಸೋನಾಲಿ ಕಂಪಾಸ್ ಬಾಕ್ಸ್ ತೆಗೆದು, ಒಣಗಿ ಮುರುಟಿದ ಬನ್ನಿ ಎಲೆಯನ್ನು ಆಯಿಯ ಕೈಯಲ್ಲಿ ಇಟ್ಟಳು.

"ನಿನ್ನ ನೀರಿಂದ ಅಲ್ಲ ಆಯಿ," ಎಂದಳು. "ಅದು ಪೈಲೇಸೆ, ಮೊದಲೇ ಖರಾಬ್ ಆಗಿತ್ತು. ತಂತಿ ಸಡ್ಲ ಮಾಡು ಅಂದಿದ್ರು ಅಂಕಲ್. ನಾನೇ ಮಾಡ್ಲಿಲ್ಲ. ಅಣ್ಣ ಟೈಟ್ ಮಾಡಿದ್ದು ಅಂತ, ಹಾಂಗೇ ಇಟ್ಟೆ."

ಆಯಿ ಎಲೆಯನ್ನು ನೋಡಿದಳು, ಅವಳನ್ನು ನೋಡಿದಳು. ಬೈಯಲಿಲ್ಲ. ಮೂಲೆಯ ಟ್ರಂಕಿನ ಹತ್ತಿರ ಹೋಗಿ ಕೂತು, ಸೀರೆಗಳ ಕೆಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಅದರಲ್ಲಿ ಅಣ್ಣನ ನೀಲಿ ಚೌಕಳಿ ಅಂಗಿ ಇತ್ತು.

ಸೋನಾಲಿಗೆ ನಂಬಲಾಗಲಿಲ್ಲ. ಆಯಿ ಅಂದರೆ ಎಲ್ಲವನ್ನೂ ತೊಳೆಯುವವಳು. ಅಂಗಡಿಯಿಂದ ಬಂದ ಹಾಲಿನ ಪ್ಯಾಕೆಟ್ಟನ್ನೂ ಬಿಡದವಳು. ಈ ಅಂಗಿಯ ಕಾಲರಿನಲ್ಲಿ ಬೆವರಿನ ಗೆರೆ ಹಾಗೆಯೇ ಇತ್ತು.

"ಅವ ಹೋಗೂ ಹಿಂದಿನ ದಿನ ಹಾಕ್ಕೊಂಡಿದ್ದ," ಎಂದಳು ಆಯಿ. "ಒಗದ್ರ ಅವನ ವಾಸನಿ ಹೋಗತೈತಂತ ಇಟ್ಕೊಂಡೆ. ಈಗ ನೋಡು."

ಅಂಗಿಯ ಮಡಿಕೆಗಳಲ್ಲಿ ಮಳೆಗಾಲದ ಬೂಷ್ಟು ಹಿಡಿದು ಕಪ್ಪು ಚುಕ್ಕೆಗಳು ಎದ್ದಿದ್ದವು. ಸೋನಾಲಿ ಮೂಗಿನ ಹತ್ತಿರ ಹಿಡಿದಳು. ಅಣ್ಣನ ವಾಸನೆ ಇರಲಿಲ್ಲ. ಮುಗ್ಗಲು ವಾಸನೆ ಇತ್ತು.

ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಯಿಯ ತುಟಿ ಅಲುಗುತ್ತಿತ್ತು. ಶ್ರೀಮಂತ, ಎಂದಳು. ಅಷ್ಟೇ ಅಂದಳು. ಸೋನಾಲಿ ಅವಳ ತೋಳಿಗೆ ತಲೆ ಇಟ್ಟಳು.

ಸಂಜೆಯ ನೀರು ಬಂದಾಗ ಆಯಿ ಮೋರಿಯಲ್ಲಿ ಕೂತಳು. ಅಂಗಿಯನ್ನು ಕಲ್ಲಿನ ಮೇಲೆ ಹರವಿದಳು. ಆದರೆ ಅವಳ ಕೈ ಮುಂದೆ ಹೋಗಲಿಲ್ಲ. ಸೋನಾಲಿಯ ಮುಖ ನೋಡಿದಳು.

ಗಿಟಾರಿಗೆ ನೀರು ಹೊಯ್ದ ಚರಿಗೆ ಅಲ್ಲೇ ಇತ್ತು. ಸೋನಾಲಿ ಅದನ್ನು ತುಂಬಿಕೊಂಡು, ಕಾಲರಿನ ಮೇಲೆ ಸಣ್ಣಗೆ ನೀರು ಬಿಟ್ಟಳು. ಆಯಿ ಸೋಪು ಹಚ್ಚಿದಳು, ತಿಕ್ಕಲಿಲ್ಲ, ಅಂಗೈಯಿಂದ ಸವರಿದಳು. ನೀರು ಮೊದಲು ಕಂದು ಬಣ್ಣದಲ್ಲಿ ಹೋಯಿತು, ಆಮೇಲೆ ತಿಳಿಯಾಯಿತು. ಕಪ್ಪು ಚುಕ್ಕೆಗಳು ಪೂರ್ತಿ ಹೋಗಲಿಲ್ಲ.

ಅಂಗಿಯನ್ನು ಇಬ್ಬರೂ ಹಿಡಿದು ಹೊರಗಿನ ಹಗ್ಗಕ್ಕೆ ಹಾಕಿದರು. ಆಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ್ತಿಲಲ್ಲಿ ಕೂತಳು. ಸೋನಾಲಿ ರಬ್ಬರ್ ಕಿತ್ತು ಅವಳ ಮುಂದೆ ಬೆನ್ನು ಮಾಡಿ ಕೂತಳು. ಆಯಿ ಕೂದಲನ್ನು ಎರಡು ಪಾಲು ಮಾಡಿದಳು.

ಸೋನಾಲಿ ಹಗ್ಗದ ಮೇಲಿನ ಅಂಗಿಯನ್ನೇ ನೋಡುತ್ತಿದ್ದಳು. ರವಿವಾರ ದೂಜ ಅಂಕಲ್ ಹೊಸ ತಂತಿ ಹಾಕುತ್ತಾರೆ. ಕೀಗಳನ್ನು ಯಾರಾದರೂ ತಿರುಗಿಸಬೇಕು. ಅಣ್ಣ ತಿರುಗಿಸಿಟ್ಟ ಜಾಗ ಇನ್ನು ಯಾರಿಗೂ ಗೊತ್ತಿಲ್ಲ. ಎಷ್ಟು ಬಿಗಿ ಮಾಡಬೇಕು ಎಂದು ಅವಳೇ ಕಿವಿಗೊಟ್ಟು ಕೇಳಿ ಕಲಿಯಬೇಕು.

"ಆಯಿ," ಎಂದಳು, "ರವಿವಾರ ನೀನೂ ಬಾ."

"ಬರ್ತೀನಿ," ಎಂದಳು ಆಯಿ. "ಅಲ್ಲಾಡಬ್ಯಾಡ, ಜಡಿ ಸೊಟ್ಟ ಆಗತೈತಿ."