ಗೇಟು ದಾಟದ ಕಾರು

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಊರಿನವರು ಕ್ಯಾನು ಹಿಡಿದು ಹೊರಡುವ ಹೊತ್ತಿಗೆ ಸರಿಯಾಗಿ ಸುಧಾಕರ್ ಮನೆಯಂಗಳದ ಬಿಳಿ ಕಾರಿನಲ್ಲಿ ಕೂತು ಕೀ ತಿರುಗಿಸುತ್ತಿದ್ದ. ಇಂಜಿನ್ ಗುರ್ರೆನ್ನುತ್ತಿತ್ತು. ಗೇಟಿನಾಚೆ ಹೋಗುವವರಿಗೆ ಕೇಳಲೆಂದು ಒಮ್ಮೆ ಹಾರ್ನ್ ಹೊಡೆಯುತ್ತಿದ್ದ. ಅವರು ಮುಂದೆ ಹೋದ ಮೇಲೆ ಇಂಜಿನ್ ಆಫ್ ಮಾಡಿ, ಹಿತ್ತಲ ಬಾಗಿಲಿನಿಂದ ಹೊಲದ ದಾರಿ ಹಿಡಿದು ಬಸ್ ಸ್ಟಾಪಿಗೆ ಓಡುತ್ತಿದ್ದ. ಬಂಗಾರಪೇಟೆಯ ಬೀಜ ಗೊಬ್ಬರದ ಅಂಗಡಿಯಲ್ಲಿ ಅವನಿಗೆ ಕೆಲಸ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿತ್ತು ಅವನ ಸಂಗತಿ. ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿದೆ ಅನ್ನುವುದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಕಾರು ತಂದು ಪೂಜೆ ಮಾಡಿಸಿದ ದಿನವೇ ಆ ಎಡವಟ್ಟು ಆಗಿತ್ತು. ನಿಂಬೆಹಣ್ಣು ತುಳಿದು, ಮಾಲೆ ಹಾಕಿಕೊಂಡು ಹೊರಟ ಕಾರು ಡೈರಿಯ ಮುಂದೆ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಸುಧಾಕರ್ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದ. ಜನ ಹಾರಿ ಪಕ್ಕಕ್ಕೆ ಸರಿದರು, ಕ್ಯಾನುಗಳಿಗೆ ಸರಿಯಲು ಬರಲಿಲ್ಲ. ಬೀದಿಯಲ್ಲೆಲ್ಲ ಹಾಲು ಹರಿಯಿತು. "ಕ್ಷೀರಾಭಿಷೇಕ ಚೆನ್ನಾಗ್ ಆಯ್ತು ಕಣ್ಲಾ," ಅಂದಿದ್ದ ಬಚ್ಚಪ್ಪಣ್ಣ, ಖಾಲಿ ಕ್ಯಾನು ಎತ್ತಿ ಹಿಡಿದು. ಅವತ್ತು ನಕ್ಕವರ ಮುಖಗಳೆಲ್ಲ ಸುಧಾಕರನಿಗೆ ಇನ್ನೂ ನೆನಪಿದ್ದವು. ಲೈಸೆನ್ಸ್ ಜೇಬಿನಲ್ಲೇ ಇತ್ತು, ಧೈರ್ಯ ಮಾತ್ರ ಹಾಲಿನ ಜೊತೆ ಚರಂಡಿ ಸೇರಿತ್ತು.

ಹೀಗಿರುವಾಗ ಒಂದು ಶುಕ್ರವಾರ ಅವನ ತಾಯಿ ಮಂಗಮ್ಮ ಕಾರಿಗೆ ಆರತಿ ಎತ್ತಿದರು, ಅವನು ಕೀ ತಿರುಗಿಸಿದ, ಕಾರು ಟಕ್ ಟಕ್ ಅಂದು ಸುಮ್ಮನಾಯಿತು. ಉರಿಗಾಂನ ಬ್ಯಾಟರಿ ಅಂಗಡಿಗೆ ಫೋನ್ ಹೋಯಿತು. ಅಲ್ಲಿಂದ ಸ್ಕೂಟರಿನಲ್ಲಿ ಬಂದವಳು ಅರುಣಕುಮಾರಿ.

ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಾನೆಟ್ ಎತ್ತಿದಳು. ಗಲ್ಲದ ಮೇಲೆ ಒಂದು ಸಣ್ಣ ಗ್ರೀಸ್ ಕಲೆ. ಅವಳಿಗೆ ಅದರ ಪರಿವೆಯಿರಲಿಲ್ಲ, ಸುಧಾಕರನಿಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

"ಗಾಡಿ ಓಡಿಸ್ತೀರಾ, ಇಲ್ಲ ನಿಲ್ಸೇ ಇರ್ತೀರಾ?"

ಅವಳು ಕತ್ತು ತಿರುಗಿಸಿ ನೇರ ಅವನ ಕಣ್ಣನ್ನೇ ನೋಡಿದಳು. ಅಷ್ಟು ದೊಡ್ಡ ಕಣ್ಣುಗಳ ಎದುರು ಹೇಡಿ ಅನ್ನಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

"ದಿನಾ ಓಡಿಸ್ತೀನಿ ಮೇಡಂ. ಬಂಗಾರಪೇಟೆಗೆ ಓಗಿ ಬತ್ತೀನಿ."

"ಅಂಗಾದ್ರೆ ಸರಿ. ಇಲ್ಲಾಂದ್ರೆ ಬ್ಯಾಟರೀದು ಈ ಕರೀ ವೈರ್ ಬಿಚ್ಚಿ ಇಟ್ಬಿಡ್ತಿದ್ದೆ. ನಿಂತಿರೋ ಗಾಡೀಲೂ ಗಡಿಯಾರ, ಅಲಾರಂ ಅಂತ ಸುಮ್ನೆ ಕರೆಂಟ್ ತಿಂತಾ ಇರ್ತವೆ."

"ಬ್ಯಾಡ ಬ್ಯಾಡ. ಇದು ಓಡೋ ಗಾಡಿ."

ಬಾಗಿಲಲ್ಲಿ ನಿಂತಿದ್ದ ಮಂಗಮ್ಮ ಬಾಯಿ ತೆರೆದರು. ಮಗ ಕಣ್ಣಲ್ಲೇ ಕೈ ಮುಗಿದ. ಅವರು ಹಣೆ ಚಚ್ಚಿಕೊಂಡು ಕಾಫಿ ಇಡಲು ಒಳಗೆ ಹೋದರು.

ಅರುಣ ಬಿಸಿನೀರು ಸುರಿದು ಬ್ಯಾಟರಿಯ ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆದಳು. ಆಮೇಲೆ ಇಂಜಿನ್ ಪಕ್ಕದಿಂದ ಒಂದು ಕೋಳಿ ಪುಕ್ಕ ಎತ್ತಿ ಹಿಡಿದಳು.

"ಬಂಗಾರಪೇಟೆಗೆ ಕೋಳೀನೂ ಕರ್ಕೊಂಡ್ ಓಯ್ತೀರಾ?"

"ಅದು... ಗಾಳೀಲಿ ಬಂದಿರ್ಬೇಕು."

ಅವಳು ಪುಕ್ಕವನ್ನೂ ಅವನನ್ನೂ ಒಮ್ಮೆ ನೋಡಿ, ತುಟಿಯಂಚಿನಲ್ಲಿ ನಗುತ್ತಾ ಅದನ್ನು ಗಾಳಿಗೆ ಊದಿದಳು. ಸ್ಕೂಟರಿನಲ್ಲಿ ತಂದಿದ್ದ ಬ್ಯಾಟರಿಯಿಂದ ವೈರ್ ಕೊಟ್ಟಾಗ ಕಾರಿಗೆ ಜೀವ ಬಂತು. "ಅರ್ಧ ಗಂಟೆ ರೋಡಲ್ಲಿ ಓಡಿಸ್ಕಂಡು ಬನ್ನಿ. ಆಮೇಲೇ ಆಫ್ ಮಾಡ್ಬೇಕು," ಅಂದಳು. ಈಗಲೇ ಹೊರಟೆ ಅಂದ ಸುಧಾಕರ್, ಅವಳ ಸ್ಕೂಟರ್ ತಿರುವಿನಲ್ಲಿ ಮರೆಯಾದ ಕೂಡಲೇ ಕೀ ತೆಗೆದ.

ಸ್ವಲ್ಪ ದಿನಕ್ಕೇ ಬ್ಯಾಟರಿ ಮತ್ತೆ ಕೈಕೊಟ್ಟಿತು. ನಿಜ ಹೇಳಬೇಕೆಂದರೆ ಅವನಿಗೆ ದುಃಖವೇನೂ ಆಗಲಿಲ್ಲ. ಫೋನ್ ಮಾಡುವ ಮೊದಲು ತಲೆ ಬಾಚಿಕೊಂಡ.

ಈ ಸಲ ಅವಳು ಬ್ಯಾಟರಿಯನ್ನು ಅಂಗಡಿಗೆ ಒಯ್ದು ನಿಧಾನವಾಗಿ ಚಾರ್ಜ್ ಮಾಡಿ ತಂದಳು. ಕಟ್ಟೆಯ ಮೇಲೆ ಕೂತು ಮಂಗಮ್ಮನ ಕಾಫಿ ಕುಡಿದಳು.

"ನಿಮ್ ಬ್ಯಾಟರಿಗೆ ನನ್ ಮೇಲೆ ಏನೋ ಕೋಪ."

"ಕೋಪ ಅಲ್ಲ ಬಿಡಿ. ನಿಮ್ಮನ್ನ ನೋಡ್ಬೇಕು ಅನ್ಸಿರುತ್ತೆ."

"ಬ್ಯಾಟರಿಗಾ?"

ಅವನು ಲೋಟದೊಳಗೆ ಇಣುಕಿದ. ಅವಳು ನಕ್ಕಳು. ತಂದೆ ಅಶ್ವತ್ಥಪ್ಪನವರಿಗೆ ಮಂಡಿ ನೋವು, ಅದಕ್ಕೇ ಊರೂರಿಗೆ ತಾನೇ ಹೋಗುತ್ತೇನೆ ಅಂದಳು. ಎಷ್ಟೋ ಮನೆಗಳಲ್ಲಿ ಬಾನೆಟ್ ಮುಟ್ಟುವ ಮೊದಲೇ ಗಂಡಸರು ಯಾರೂ ಬರಲಿಲ್ಲವಾ ಅಂತ ಕೇಳುತ್ತಾರೆ ಅಂದಳು. "ನೀವೊಬ್ರು ಅಂಗ್ ಕೇಳ್ಲಿಲ್ಲ. ಏನಿದ್ರೂ ನೇರವಾಗ್ ಮಾತಾಡ್ತೀರ. ಅದ್ಕೇ ಇಲ್ಲಿಗ್ ಬರಕ್ಕೆ ಖುಷಿ."

ಸುಧಾಕರ್ ಲೋಟ ಕೆಳಗಿಟ್ಟ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವನು ಹೇಳಲಿಲ್ಲ. ಬೆಳಗಾದರೆ ಮತ್ತದೇ ಕೀ, ಅದೇ ಹಾರ್ನ್.

ಮೂರನೇ ಸಲ ಬಂದಾಗ ಅರುಣ ನಗಲಿಲ್ಲ. ಹಳೆಯ ಬ್ಯಾಟರಿಯೇ ಸರಿಯಿಲ್ಲವೇನೋ ಎಂದು ಅಂಗಡಿಯ ಹೊಸ ಬ್ಯಾಟರಿ ಹಾಕಿ ಹೋದಳು. ಅದೂ ಮಲಗಿತು. ಮತ್ತೆ ಬಂದವಳು ಮೀಟರ್ ಹಿಡಿದು ಒಂದೊಂದೇ ವೈರ್ ಮುಟ್ಟಿ ನೋಡಿದಳು. ಎಲ್ಲ ಸರಿಯಿತ್ತು. ಮಾಡುವುದಕ್ಕೆ ಇನ್ನೇನೂ ಉಳಿಯದೆ ಬಾನೆಟ್ ಮುಚ್ಚಿ ಅದರ ಮೇಲೆ ಎರಡೂ ಕೈ ಊರಿ ನಿಂತಳು.

"ನನ್ ಕೈಲಿ ಕೆಲ್ಸ ನಿಲ್ತಿಲ್ಲ ಅಂತಾರೆ ಅಪ್ಪ. ದಿನಾ ಓಡೋ ಗಾಡಿಗೆ ಇಂಗಾಗ್ಬಾರ್ದು, ನೀನೇ ಏನೋ ತಪ್ ಮಾಡ್ತಿದ್ದೀಯ ಅಂತ. ನಾಳೆಯಿಂದ ಅಂಗ್ಡೀಲೇ ಕೂತ್ಕೋಬೇಕಂತೆ. ಊರೂರಿಗೆ ಕಳ್ಸಕ್ಕೆ ಬ್ಯಾರೆ ಯಾರನ್ನೋ ನೋಡ್ತಾವ್ರೆ."

ಅವಳ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೂ ಗ್ರೀಸ್ ಮೆತ್ತಿಕೊಂಡಳು.

ಸುಧಾಕರನಿಗೆ ನಿಜದ ಮಾತು ನಾಲಿಗೆಯವರೆಗೂ ಬಂದಿತ್ತು. ಅವಳು ಸ್ಕೂಟರ್ ಹತ್ತಿದಳು, ಹೋದಳು, ಧೂಳೂ ಕೂತಿತು. ಹಾಲು ಚೆಲ್ಲಿದ ದಿನ ಆದದ್ದು ಅವಮಾನ. ಇವತ್ತಿನದು ನಾಚಿಕೆ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಅವನಿಗೆ ಈಗ ತಿಳಿಯಿತು.

"ಥೂ ನಿನ್ನ," ಅಂದರು ಬಾಗಿಲಲ್ಲಿದ್ದ ಮಂಗಮ್ಮ. "ಆ ಮಗು ಅನ್ನಕ್ಕೆ ಕಲ್ಲಾಕ್ಬಿಟ್ಟಲ್ಲೋ."

ಮರುದಿನ ಅವನು ಬಂಗಾರಪೇಟೆಯ ಬಸ್ ಬಿಟ್ಟು ಉರಿಗಾಂನ ಬಸ್ ಹತ್ತಿದ. ಅಂಗಡಿಯಲ್ಲಿ ಅಶ್ವತ್ಥಪ್ಪ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಇಬ್ಬರು ಆಟೋದವರು ತಮಿಳಿನಲ್ಲಿ ಹರಟುತ್ತಾ ಟೀ ಕುಡಿಯುತ್ತಿದ್ದರು. ಮೂಲೆಯಲ್ಲಿ ಅರುಣ ಬೆನ್ನು ತಿರುಗಿಸಿ ಬ್ಯಾಟರಿ ಒರೆಸುತ್ತಿದ್ದಳು. ಆಟೋದವರು ಹೋಗಲಿ ಎಂದು ಕಾಯೋಣ ಅನ್ನಿಸಿತು. ಕಾದರೆ ಮತ್ತೆ ಹೇಳುವುದಿಲ್ಲ ಅಂತಲೂ ಅನ್ನಿಸಿತು.

"ಸಾರ್, ತಪ್ಪು ಬ್ಯಾಟರೀದಲ್ಲ. ನಿಮ್ ಮಗಳದೂ ಅಲ್ಲ. ನಂಗೆ ಕಾರ್ ಓಡ್ಸಕ್ಕೆ ಭಯ. ಪೂಜೆ ದಿನ ಬಿಟ್ರೆ ಅದು ಗೇಟು ದಾಟೇ ಇಲ್ಲ. ಜನಕ್ ಕೇಳ್ಲಿ ಅಂತ ದಿನಾ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ದೆ."

ಆಟೋದವರು ಟೀ ಉಗುಳಿ ನಕ್ಕರು. ಅಶ್ವತ್ಥಪ್ಪನವರೂ ಮಂಡಿ ಹಿಡಿದುಕೊಂಡು ನಕ್ಕರು.

"ಅಯ್ಯೋ ಪುಣ್ಯಾತ್ಮ! ಒಂದ್ಸಲ ಸ್ಟಾರ್ಟ್ ಆಗೋಕೆ ಎಷ್ಟು ಕರೆಂಟ್ ಬೇಕು ಗೊತ್ತೇನಯ್ಯ? ಓಡಿದ್ರೆ ತಾನೆ ಅದು ವಾಪಸ್ ತುಂಬೋದು? ದಿನಾ ತೆಗೀತಾನೇ ಇದ್ರೆ ಕಣಜಾನೂ ಖಾಲಿ ಆಯ್ತದೆ." ಆಮೇಲೆ ನಗು ನಿಲ್ಲಿಸಿ ಮಗಳ ಬೆನ್ನನ್ನು ನೋಡಿದರು. "ನಿನ್ನ ಬೈಬಾರ್ದಾಗಿತ್ತು ಕಣಮ್ಮ. ನಾಳೆ ಕಾಮಸಮುದ್ರದ ಗಾಡಿ ನೋಡಕ್ಕೆ ನೀನೇ ಓಗು."

ಅರುಣ ಬಟ್ಟೆ ಕೆಳಗಿಟ್ಟು ಅವನತ್ತ ಬಂದಳು.

"ಓಡ್ಸಕ್ಕೆ ಭಯ ಅಂದಿದ್ರೆ ನಾನು ನಗ್ತಿರ್ಲಿಲ್ಲ."

"ನಗ್ತಿದ್ರಿ."

"ಸ್ವಲ್ಪ ನಗ್ತಿದ್ದೆ. ಅಷ್ಟೇ ತಾನೆ?" ಅವಳು ಮುಖ ತಿರುಗಿಸಿದಳು. "ಕೋಳಿ ಪುಕ್ಕ ಕಣ್ಣಾರೆ ನೋಡಿದ್ದೆ ನಾನು. ಓಡೋ ಗಾಡೀಲಿ ಕೋಳಿ ಕೂರುತ್ತಾ? ಆದ್ರೂ ನನ್ ಕಣ್ಣು ಬಿಟ್ಟು ನಿಮ್ ಮಾತು ನಂಬ್ದೆ."

ಸುಧಾಕರ್ ತಲೆ ತಗ್ಗಿಸಿ ಬಸ್ ಸ್ಟಾಪಿಗೆ ನಡೆದ.

ಮನೆಗೆ ಬಂದು ಕಾರಿನ ಕರಿ ವೈರನ್ನು ತಾನೇ ಬಿಚ್ಚಿಟ್ಟ. ಮರುದಿನದಿಂದ ಮುಂಬಾಗಿಲಿನಿಂದಲೇ ಹೊರಟು, ಡೈರಿಯ ಮುಂದೆ ಹಾದು ಬಸ್ಸಿಗೆ ನಡೆಯತೊಡಗಿದ.

"ಏನ್ಲಾ, ಕಾರಿನ್ ಆರ್ನೇ ಕೇಳ್ಸಲ್ಲ?" ಅಂದ ಬಚ್ಚಪ್ಪಣ್ಣ.

"ಕಾರ್ ಓಡ್ಸಲ್ಲ ಬಚ್ಚಪ್ಪಣ್ಣ. ಭಯ."

"ಅದು ನಮ್ಗೊತ್ತಿಲ್ವೇನ್ಲಾ! ನೀನು ಒಲದಾಗೆ ಓಡೋದು ನೋಡಿ ನಮ್ ಎಮ್ಮೇನೂ ನಗ್ತದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಿವಿ ಬಿಸಿಯಾಯಿತು. ಆದರೂ ಸುಧಾಕರ್ ಓಡಲಿಲ್ಲ.

ಅವಳಿಗೆ ಫೋನ್ ಮಾಡಲು ಅವನಿಗೆ ಮುಖವಿರಲಿಲ್ಲ. ಬ್ಯಾಟರಿ ಕೆಟ್ಟಿದೆ ಅನ್ನುವ ನೆಪವೂ ಈಗ ಉಳಿದಿರಲಿಲ್ಲ. ಉರಿಗಾಂ ಕಡೆಯಿಂದ ಸ್ಕೂಟರ್ ಸದ್ದು ಕೇಳಿದಾಗಲೆಲ್ಲ ಎದ್ದು ಗೇಟಿನವರೆಗೆ ಹೋಗುತ್ತಿದ್ದ, ಯಾರೋ ಹಾಲಿನವರು ಹಾದು ಹೋಗುತ್ತಿದ್ದರು.

ಕೊನೆಗೊಂದು ಭಾನುವಾರ ಬೆಳಿಗ್ಗೆ, ಅದೇ ಡೈರಿ ಹೊತ್ತಿಗೆ, ಆ ಸ್ಕೂಟರ್ ಅಂಗಳದಲ್ಲಿ ನಿಂತಿತು.

"ಕರೀ ವೈರ್ ಬಿಚ್ಚಿದ್ದೀರ," ಅಂದಳು ಬಾನೆಟ್ ಎತ್ತಿ.

"ನಿಂತ್ ಗಾಡಿ ಅಲ್ವಾ."

ಅವಳು ಅವನನ್ನು ದಿಟ್ಟಿಸಿದಳು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಳು. ತಾನು ಚಾರ್ಜ್ ಮಾಡಿ ತಂದ ಬ್ಯಾಟರಿ ಹಾಕಿ, ವೈರ್ ಬಿಗಿದು ಇಂಜಿನ್ ಎಬ್ಬಿಸಿ, ಎಡಗಡೆಯ ಬಾಗಿಲು ತೆಗೆದು ಕೂತಳು. ಡ್ರೈವರ್ ಸೀಟು ಖಾಲಿ ಬಿಟ್ಟಿದ್ದಳು.

"ಡೈರಿ ಮುಂದೆ ಎಲ್ರೂ ಇರ್ತಾರೆ," ಅಂದ ಸುಧಾಕರ್.

"ಇರ್ಲಿ. ನಾನೂ ಇರ್ತೀನಿ."

ಮಂಗಮ್ಮ ಗೇಟು ತೆಗೆದರು. ಕಾರು ಫಸ್ಟ್ ಗೇರಿನಲ್ಲಿ ತೆವಳುತ್ತಾ ಬೀದಿಗೆ ಬಂತು. ಡೈರಿಯ ಸಾಲಿನಲ್ಲಿದ್ದವರು ಕಂಡದ್ದೇ ತಡ, ಕ್ಯಾನುಗಳೆಲ್ಲ ಕಟ್ಟೆ ಏರಿದವು. ಬಚ್ಚಪ್ಪಣ್ಣ ತನ್ನ ಕ್ಯಾನನ್ನು ಮಗುವಿನಂತೆ ಅಪ್ಪಿಕೊಂಡು ನಿಂತ. ಸುಧಾಕರ್ ಈ ಸಲ ಬ್ರೇಕನ್ನೇ ಒತ್ತಿದ, ಕ್ಲಚ್ ಮರೆತ. ಡೈರಿಯ ಎದುರಿಗೇ ಕಾರು ಜರ್ಕ್ ಹೊಡೆದು ಆಫ್ ಆಯಿತು.

ಬೀದಿಯೆಲ್ಲ ಅವನತ್ತ ತಿರುಗಿತು. ಅವನ ಮುಖ, ಕಿವಿ, ಕತ್ತು ಎಲ್ಲ ಕೆಂಪಾಯಿತು. ಇಳಿದು ಹೊಲಕ್ಕೆ ಓಡಿಬಿಡೋಣ ಅನ್ನಿಸಿತು.

"ಇದು ಸ್ಟಾರ್ಟ್ ಆಗಲ್ಲ," ಅಂದ ಮೆಲ್ಲಗೆ.

"ತಿರುಗ್ಸಿ ನೋಡಿ. ಆಗ್ದಿದ್ರೆ ಇಬ್ರೂ ಇಳ್ದು ತಳ್ಳೋಣ."

ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

"ವಾರಕ್ಕೊಂದ್ಸಲ ಅರ್ಧ ಗಂಟೆ ಇಂಗೇ ಓಡಿಸ್ಬೇಕು," ಅಂದಳು ಅರುಣ, ಎದುರಿನ ದಾರಿ ನೋಡುತ್ತಾ.

"ನೀವೂ ಬತ್ತೀರಾ? ಪ್ರತಿ ವಾರ?"

"ಯಾಕೆ? ಬ್ಯಾಟರಿಗೋಸ್ಕರಾನಾ?"

ಕಿಟಕಿಯ ಗಾಜು ಇಳಿದಿತ್ತು. ಬಚ್ಚಪ್ಪಣ್ಣ ಕ್ಯಾನು ಅಪ್ಪಿಕೊಂಡೇ ಕಿವಿ ಇತ್ತ ಚಾಚಿದ್ದ. ಹೂಂ ಅಂದುಬಿಟ್ಟಿದ್ದರೆ ಸುಲಭವಾಗಿ ಮುಗಿಯುತ್ತಿತ್ತು.

"ಅಲ್ಲ," ಅಂದ ಸುಧಾಕರ್. ಗಟ್ಟಿಯಾಗಿಯೇ ಅಂದ. "ನಿಮಗೋಸ್ಕರ. ಮೊದಲನೇ ದಿನದಿಂದ್ಲೂ."

ಅರುಣ ಗೇರಿನ ಮೇಲಿದ್ದ ಅವನ ಕೈಯ ಮೇಲೆ, ಊರೆಲ್ಲ ನೋಡುತ್ತಿರುವಂತೆಯೇ, ತನ್ನ ಗ್ರೀಸ್ ಕೈ ಇಟ್ಟಳು.

"ಕ್ಲಚ್ ಒತ್ತಿ," ಅಂದಳು.