ಗುಬ್ಬಿಯ ಹಿಂದಿನ ಸೀಟು

ಕೋಣೆಯ ನಡುವೆ ಮೊದಲು ನಾಲ್ಕು ಚಕ್ರಗಳು ಮೂಡಿದವು. ಆಮೇಲೆ ಬಾಗಿಲುಗಳು, ಸೀಟುಗಳು, ಮುಂದಿನ ಗಾಜು. ಎಲ್ಲವೂ ಬರೀ ಬೆಳಕಿನಿಂದ ಆದವು. ಕೈ ಚಾಚಿದರೆ ಬೆರಳು ಒಳಗೆ ತೂರಿಹೋಗುತ್ತಿತ್ತು. ಗಾಡಿ ಪೂರ್ತಿಯಾದ ಮೇಲೆ ಮೂವರು ಬಂದು ಅದರೊಳಗೆ ಕುಳಿತರು. ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಲು ತಿಣುಕುತ್ತಿದ್ದ ಬೋಳುತಲೆಯ ಮನುಷ್ಯ ತಾನೇ ಎಂದು ತಿಳಿಯಲು ಸಂಗಮೇಶನಿಗೆ ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಪಕ್ಕದಲ್ಲಿದ್ದ ಹೆಂಡತಿ ದಾಕ್ಷಾಯಿಣಿ, ಮಗಳು ಇಂಚರಾ ಇಬ್ಬರೂ ನಕ್ಕರು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಆ ಕಾರು ಮಳಿಗೆಯಲ್ಲಿ ‘ಭಾವಿದರ್ಶನ ಕೋಣೆ’ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಅದನ್ನು ರೂಪಿಸಿದವರು ದೇಹಚಲನ ವಿಜ್ಞಾನಿ ಡಾ. ತಸ್ನೀಮ್ ಬಾಗವಾನ. ಜನ ಒಂದು ಗಾಡಿಯನ್ನು ಕಾಲು ಗಂಟೆ ಓಡಿಸಿ ನೋಡಿ ಕೊಳ್ಳುತ್ತಾರೆ, ಆಮೇಲೆ ಹತ್ತು ವರ್ಷ ಅದರೊಂದಿಗೆ ಏಗುತ್ತಾರೆ. ಆ ಪಾಡು ತಪ್ಪಿಸಬೇಕೆಂಬುದಷ್ಟೇ ಅವರ ಉದ್ದೇಶವಾಗಿತ್ತು. ಬಂದವರು ಮೊದಲು ಹೆಜ್ಜೆಯ ಚಲನೆ ಅಳೆಯುವ ಗತಿಗ್ರಾಹಕಗಳನ್ನು ಹುದುಗಿಸಿದ ನೆಲದ ಮೇಲೆ ನಡೆಯಬೇಕು, ಒಂದು ಚೌಕಟ್ಟಿನಲ್ಲಿ ಕುಳಿತು ಏಳಬೇಕು, ಓಡಿಸಬಲ್ಲವರು ನಕಲಿ ಸ್ಟಿಯರಿಂಗ್ ಹಿಡಿದು ಪರದೆಯ ಮೇಲಿನ ರಸ್ತೆಯಲ್ಲಿ ಓಡಿಸಬೇಕು. ಜೊತೆಗೆ ಮನಸ್ಸಿಗೆ ಬಂದದ್ದನ್ನು ಮಾತಾಡುತ್ತಿರಬೇಕು. ಕೀಲುಗಳ ಸವೆತ, ಉಸಿರಿನ ಲಯ, ಕಣ್ಣು ಹೊರಳುವ ವೇಗ, ಮಾತಿನ ನಡುವೆ ಬರುವ ತಡೆ ಇವೆಲ್ಲವನ್ನೂ ಯಂತ್ರ ‘ದೇಹಲಿಪಿ’ಯಾಗಿ ಬರೆದುಕೊಳ್ಳುತ್ತದೆ. ಕಾಲಪ್ರಕ್ಷೇಪಕ ಎಂಬ ಗಣಕ ಆ ಲಿಪಿಯನ್ನು ವರ್ಷವರ್ಷವಾಗಿ ಮುಂದಕ್ಕೆ ಬೆಳೆಸಿ, ಅದೇ ಕುಟುಂಬ ಅದೇ ಗಾಡಿಯಲ್ಲಿ ಮುಂದೆ ಹೇಗೆ ಕುಳಿತೇಳುತ್ತದೆ ಎಂಬುದನ್ನು ಕಣ್ಣ ಮುಂದೆ ನಿಲ್ಲಿಸುತ್ತದೆ.

ತಾನಾಗಿ ಓಡುವ ಗಾಡಿಗಳು ಆ ಹೊತ್ತಿಗೆ ಹೆದ್ದಾರಿಗೆ ಬಂದಿದ್ದವು. ಆದರೆ ದುರ್ಗದಬೈಲಿನ ಗಲ್ಲಿಗಳಲ್ಲಿ, ತರಕಾರಿ ಗಾಡಿ, ಆಟೊಗಳ ನಡುವೆ, ಅವು ಹೆಜ್ಜೆ ಕಿತ್ತಿಡಲಾರದೆ ನಿಂತುಬಿಡುತ್ತಿದ್ದವು. ಊರೊಳಗೆ ಸ್ಟಿಯರಿಂಗ್ ಹಿಡಿಯಲು ಮನುಷ್ಯನೇ ಬೇಕಿತ್ತು. ಸಂಗಮೇಶನ ಮನೆಯಲ್ಲಿ ಆ ಮನುಷ್ಯ ದಾಕ್ಷಾಯಿಣಿ. ವಿದ್ಯಾನಗರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ ಅವಳ ಕೈಯಲ್ಲಿ ಕಲಿತವರು ಊರಿನ ಪ್ರತಿಯೊಂದು ಓಣಿಯಲ್ಲೂ ಇದ್ದರು. ಕಾಲೇಜಿನಲ್ಲಿ ಭೂಗೋಳ ಹೇಳುತ್ತಿದ್ದ ಗಂಡ ಮಾತ್ರ ಕಲಿಯಲಿಲ್ಲ. ನೀನಿರುವಾಗ ನನಗೇಕೆ ಎಂದು ಇಪ್ಪತ್ತೈದು ವರ್ಷ ಅವಳ ಪಕ್ಕದಲ್ಲಿ ಕುಳಿತೇ ಓಡಾಡಿದ್ದ.

ಅಂದು ಹೋಲಿಸಿ ನೋಡಲು ಮೂರು ಗಾಡಿಗಳಿದ್ದವು. ಎತ್ತರದ ‘ಗರುಡ’ ಸಂಗಮೇಶನ ಆಯ್ಕೆ. ಹತ್ತಿ ಇಳಿಯುವಾಗ ಮೊಣಕಾಲಿಗೆ ಹಿತವಂತೆ. ಉದ್ದನೆಯ ‘ನೌಕೆ’ ಇಂಚರಾಳದು. ಸಮುದ್ರ ಸಂಶೋಧನೆಯ ಹಡಗೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಕೊಚ್ಚಿಯಲ್ಲಿ ಸೇರಿಕೊಳ್ಳಲು ಎರಡೇ ತಿಂಗಳಿತ್ತು. ರಜೆಯಲ್ಲಿ ಬಂದಾಗ ಸಾಮಾನು ಹಾಕಲು ಜಾಗ ಬೇಕೆಂದು ಅವಳ ವಾದ. ಮೂರನೆಯದು ‘ಗುಬ್ಬಿ’, ಇದ್ದುದರಲ್ಲೇ ಚಿಕ್ಕದು, ಹೆದ್ದಾರಿಯಲ್ಲೂ ತಾನಾಗಿ ಓಡಲಾರದ್ದು. ಹಿಂದೆ ಇಬ್ಬರು ಕುಳಿತರೆ ಒಬ್ಬರ ಮೈ ಒಬ್ಬರಿಗೆ ತಾಗಲೇಬೇಕು. ಅದನ್ನು ಮೂವರೂ ಮನಸ್ಸಿನಲ್ಲೇ ಕೈಬಿಟ್ಟಿದ್ದರು.

ಮೊದಲು ಮೂಡಿದ ಗಾಡಿ ಗರುಡ. ಅದರ ಮೊದಲ ಮೂರು ವರ್ಷ ನಗುತ್ತಲೇ ಕಳೆದವು. ನಾಲ್ಕನೆಯ ವರ್ಷ ಬಂದಾಗ ಬೆಳಕಿನ ದಾಕ್ಷಾಯಿಣಿ ಮುಂದಿನ ಬಾಗಿಲ ಬಳಿ ಬಂದು ನಿಂತಳು. ನಿಂತೇ ಇದ್ದಳು. ಆಮೇಲೆ ಆ ಬಾಗಿಲು ಬಿಟ್ಟು ಹಿಂದಿನ ಸೀಟಿಗೆ ಹೋದಳು. ಸ್ಟಿಯರಿಂಗ್ ಹಿಡಿದು ಕುಳಿತದ್ದು ಇಂಚರಾ.

ಯಂತ್ರ ಕೆಟ್ಟಿರಬೇಕೆಂದು ಸಂಗಮೇಶ ವಿಜ್ಞಾನಿಯ ಕಡೆ ತಿರುಗಿದ. ತಸ್ನೀಮ್ ಅವರ ಮುಖ ಬಿಳಿಚಿಕೊಂಡಿತ್ತು. ಪ್ರದರ್ಶನ ನಿಲ್ಲಿಸುತ್ತೇನೆ ಎಂದು ಅವರು ಎದ್ದರು. ದಾಕ್ಷಾಯಿಣಿ ಬೇಡವೆಂದು ಕೈ ಅಡ್ಡ ಹಿಡಿದಳು.

“ಅಕಿ ಯಾಕ ಹಿಂದ ಹೋದ್ಲು? ಖರೇ ಹೇಳ್ರಿ ಮೇಡಂ.”

ತಸ್ನೀಮ್ ಮತ್ತೆ ಕುಳಿತರು. “ಇದು ಜಾತಕ ಅಲ್ರಿ. ಬರೇ ಅಂದಾಜು. ಸ್ಟಿಯರಿಂಗ್ ಹಿಡಿಯೋದು ಒಬ್ಬರಿಗೆ ಸುರಕ್ಷಿತ ಅಲ್ಲ ಅಂತ ಅನಿಸಿದ್ರ ಯಂತ್ರ ಅವರನ್ನ ಬ್ಯಾರೆ ಸೀಟಿಗೆ ಕೂಡಸ್ತೈತಿ. ವಯಸ್ಸಾದವರ ಸಲುವಾಗಿ ಹಾಕಿದ ನಿಯಮ ಅದು. ನಿಮ್ಮ ಕಣ್ಣಿನ ಚಲನೆ, ಮಾತಿನ ನಡುವಿನ ತಡೆ… ಯಂತ್ರಕ್ಕ ರೋಗದ ಹೆಸರು ಗೊತ್ತಿಲ್ರಿ. ನೀವು ಒಮ್ಮೆ ಮಿದುಳಿನ ಡಾಕ್ಟರಿಗೆ ತೋರಿಸೋದು ಛಲೋ.”

ಬೆಳಕಿನ ಗಾಡಿಯಲ್ಲಿ ಬೆಳಕಿನ ಸಂಗಮೇಶ ಬಗ್ಗಿ, ಹೆಂಡತಿಯ ಸೀಟಿನ ಬೆಲ್ಟನ್ನು ತಾನೇ ಹಾಕುತ್ತಿದ್ದ.

“ನನಗ ಅನುಮಾನ ಇತ್ತು,” ಎಂದಳು ದಾಕ್ಷಾಯಿಣಿ. ಹಿಂದಿನ ತಿಂಗಳು ಕೇಶ್ವಾಪುರದ ಸರ್ಕಲ್‌ನಲ್ಲಿ, ಪಕ್ಕದಲ್ಲಿ ಕಲಿಯುವ ಹುಡುಗಿಯನ್ನು ಕೂರಿಸಿಕೊಂಡು, ಶಾಲೆಗೆ ಎತ್ತ ಹೊರಳಬೇಕೆಂದು ತಿಳಿಯದೆ ಸುತ್ತು ಹೊಡೆದಿದ್ದಳಂತೆ. ಸರ್ಕಲ್ ಸುತ್ತುವುದನ್ನು ಕಲಿಸುತ್ತಿದ್ದೇನೆ ಎಂದು ಹುಡುಗಿಗೆ ಹೇಳಿದ್ದಳಂತೆ. ಮನೆಗೆ ಹೋಗೋಣ, ಗಾಡಿಯೂ ಬೇಡ ಏನೂ ಬೇಡ ಎಂದು ಸಂಗಮೇಶ ಎದ್ದ. ಅವಳು ಏಳಲಿಲ್ಲ.

“ಗಾಡಿ ತಗೊಳ್ಳಾಕ ಬಂದೀವಿ. ಉಳಿದವನ್ನೂ ನೋಡೂಣು. ಮೇಡಂ, ಮೂರರಾಗೂ ಏಳನೇ ವರ್ಷ ಹಚ್ಚಿ ತೋರಸ್ರಿ.”

ತಸ್ನೀಮ್ ಒಪ್ಪಲಿಲ್ಲ. ಅವಳು ಮತ್ತೆ ಕೇಳಿದಳು, ಬಹಳ ಮೆತ್ತಗೆ ಕೇಳಿದಳು. ಕೊನೆಗೆ ಅವರು ಗುಂಡಿ ಒತ್ತಿದರು.

ಗರುಡದ ಏಳನೆಯ ವರ್ಷದಲ್ಲಿ, ಹಿಂದಿನ ಅಗಲವಾದ ಸೀಟಿನ ಒಂದು ತುದಿಯಲ್ಲಿ, ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದ ಹೆಂಗಸು ಕುಳಿತಿದ್ದಳು. ಕಿಟಕಿಯಾಚೆ ಓಡುವ ಎತ್ತರಕ್ಕೆ ಹೆದರಿದ ಅವಳ ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಬೆಳಕಿನ ಸಂಗಮೇಶ ಇನ್ನೊಂದು ತುದಿಯಲ್ಲಿದ್ದ. ನೌಕೆಯಲ್ಲಿ ಹಿಡಿ ಹಿಡಿದಿರಲಿಲ್ಲ, ಆದರೆ ತಲೆ ಎದೆಗೆ ಬಾಗಿ ಅವಳು ಗಾಡಿ ತಿರುಗಿದಂತೆಲ್ಲ ಅತ್ತಿತ್ತ ವಾಲುತ್ತಿದ್ದಳು. ಅಲ್ಲೂ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಆಮೇಲೆ ಗುಬ್ಬಿ ಬಂತು. ಇಕ್ಕಟ್ಟಾದ ಸೀಟಿನಲ್ಲಿ ಮೈಗೆ ಮೈ ತಾಗಿ ಕುಳಿತಿದ್ದರು. ಹೆಂಗಸು ಗಂಡನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಕೈಗಳು ಮಡಿಲಲ್ಲಿ ಸಡಿಲವಾಗಿದ್ದವು.

ದಾಕ್ಷಾಯಿಣಿ ಅದನ್ನು ಬಹಳ ಹೊತ್ತು ನೋಡಿದಳು. ಇದೇ ಬೇಕು ಎಂದಳು.

ಆಮೇಲೆ ಸ್ಟಿಯರಿಂಗ್ ಮುಂದೆ ಕುಳಿತಿದ್ದ ಬೆಳಕಿನ ಮಗಳ ಕಡೆ ಬೆರಳು ತೋರಿಸಿದಳು. “ಇಕಿ ಯಾಕ ಇಲ್ಲಿದಾಳ? ಇಕಿ ಆಗ ಹಡಗಿನ್ಯಾಗ ಇರಬೇಕಲ್ಲ.”

ಯಂತ್ರಕ್ಕೆ ಲೈಸೆನ್ಸ್ ಯಾರಿಗಿದೆ ಎಂಬುದಷ್ಟೇ ಗೊತ್ತು ಎಂದು ತಸ್ನೀಮ್ ವಿವರಿಸಿದರು. ಮನೆಯಲ್ಲಿ ಓಡಿಸಬಲ್ಲವರು ಇಬ್ಬರೇ, ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ಅದು ಕೂರಿಸುತ್ತದೆ. ಅವರಿಗೆ ಬೇರೆಲ್ಲಿಗೋ ಹೋಗುವ ಮನಸ್ಸಿದೆಯೋ ಇಲ್ಲವೋ ಅದು ಕೇಳುವುದಿಲ್ಲ. ಇಂಚರಾ ಅಳುತ್ತ, ತಾನು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದಳು. ತಾಯಿ ಗಂಡನ ಕಡೆ ತಿರುಗಿದಳು.

“ನಾಳೆಯಿಂದ ನೀವು ಕಲೀಬೇಕು.”

ಡಾಕ್ಟರುಗಳ ಪರೀಕ್ಷೆ ಮುಗಿಯುವಷ್ಟರಲ್ಲಿ ಗುಬ್ಬಿ ಮನೆಗೆ ಬಂದಿತ್ತು. ಮಿದುಳಿನ ಚಿತ್ರಗಳು ಯಂತ್ರ ಹೇಳಿದ್ದನ್ನೇ ಹೇಳಿದವು. ಮರೆವಿನ ರೋಗವನ್ನು ನಿಧಾನಿಸಲು ಔಷಧಿಗಳಿದ್ದವು, ನಿಲ್ಲಿಸಲು ಇರಲಿಲ್ಲ. ದಾಕ್ಷಾಯಿಣಿ ಶಾಲೆಯನ್ನು ತನ್ನ ಹಳೆಯ ಶಿಷ್ಯೆಯೊಬ್ಬಳಿಗೆ ವಹಿಸಿ, ಗಂಡನೊಬ್ಬನನ್ನೇ ವಿದ್ಯಾರ್ಥಿಯಾಗಿ ಉಳಿಸಿಕೊಂಡಳು. ಬೆಳಗಿನ ಹೊತ್ತು ಮೈದಾನದಲ್ಲಿ, ಆಮೇಲೆ ಓಣಿಗಳಲ್ಲಿ, ಆಮೇಲೆ ಸಂತೆಯ ದಿನದ ಗದ್ದಲದಲ್ಲಿ ಪಾಠ ನಡೆಯಿತು. ಐವತ್ತು ದಾಟಿದ ಗಂಡಸು, ಪ್ರಪಂಚದ ರಸ್ತೆಗಳನ್ನೆಲ್ಲ ನಕ್ಷೆಯಲ್ಲಿ ತೋರಿಸಬಲ್ಲವನು, ಹಿಂದಕ್ಕೆ ಬರುವಾಗ ಗೋಡೆಗೆ ಗುದ್ದುತ್ತಿದ್ದ. ಅವಳು ರೇಗುತ್ತಿರಲಿಲ್ಲ. ತಪ್ಪಿದಾಗ ಪಕ್ಕದಿಂದ ಅವಳ ಕೈ ಸರಕ್ಕನೆ ಬಂದು ಸ್ಟಿಯರಿಂಗ್ ತಿರುಗಿಸಿ, ಅಷ್ಟೇ ಬೇಗ ಹಿಂದಕ್ಕೆ ಹೋಗುತ್ತಿತ್ತು.

ಮದುವೆಯಾದ ಮೇಲೆ ಅವರು ಅಷ್ಟು ಮಾತಾಡಿದ್ದು ಆ ದಿನಗಳಲ್ಲೇ. ನಗುವೂ ಇತ್ತು. ಒಮ್ಮೆ ಸಂಗಮೇಶ, ನೀನು ಮರೆತ ಮೇಲೆ ನಾನು ಏನು ಮಾಡಲಿ ಎಂದು ಕೇಳಿದ್ದಕ್ಕೆ, ಕನ್ನಡಿ ನೋಡಿ ಓಡಿಸಿರಿ ಎಂದಷ್ಟೇ ಹೇಳಿ ಅವಳು ಆಚೆ ಮುಖ ತಿರುಗಿಸಿಕೊಂಡಿದ್ದಳು.

ಅವನಿಗೆ ಲೈಸೆನ್ಸ್ ಸಿಕ್ಕಿತು. ಇಂಚರಾಳನ್ನು ರೈಲಿಗೆ ಬಿಡಲು ಅವನೇ ಓಡಿಸಿಕೊಂಡು ಹೋದ. ಹೋಗಲೊಲ್ಲೆ ಎಂದು ನಿಲ್ದಾಣದಲ್ಲೂ ಹಟ ಹಿಡಿದ ಮಗಳನ್ನು ತಾಯಿ ಬೋಗಿಯೊಳಗೆ ಕೈಹಿಡಿದು ಹತ್ತಿಸಿದಳು. ಯಂತ್ರ ತೋರಿಸಿದ್ದರಲ್ಲಿ ಅಷ್ಟನ್ನಾದರೂ ಅವಳು ಸುಳ್ಳುಮಾಡಿದ್ದಳು.

ಮೂರು ವರ್ಷ ಚೆನ್ನಾಗಿಯೇ ಹೋದವು. ನಾಲ್ಕನೆಯ ವರ್ಷ ಒಂದು ಮುಂಜಾನೆ ದಾಕ್ಷಾಯಿಣಿ ಕೀಲಿಯನ್ನು ಗಂಡನ ಕೈಗಿಟ್ಟು, ಇನ್ನು ನಾನು ಹಿಡಿಯುವುದಿಲ್ಲ ಎಂದಳು. ಆ ಮೇಲೆ ಅವನ ಪಕ್ಕದಲ್ಲೇ ಕೂರುತ್ತಿದ್ದಳು. ಮಾತು ಕಡಿಮೆಯಾಯಿತು, ಹೆಸರುಗಳು ಹೋದವು, ಮಗಳು ಹಡಗಿನಿಂದ ಫೋನು ಮಾಡಿದರೆ ಯಾರೋ ಹುಡುಗಿ ಛಲೋ ಮಾತಾಡುತ್ತಾಳೆ ಎನ್ನುವಂತಾಯಿತು. ಕೈ ಮಾತ್ರ ತನ್ನ ಕಸುಬನ್ನು ಮರೆಯಲಿಲ್ಲ. ಊರೊಳಗಿನ ಹೊಸೂರಿನ ತಿರುವಿನಲ್ಲಿ ಒಂದು ದಿನ ಅದು ಇದ್ದಕ್ಕಿದ್ದಂತೆ ಬಂದು ಸ್ಟಿಯರಿಂಗ್ ಎಳೆಯಿತು. ಎದುರಿನ ಬಸ್ಸಿನವನು ಬ್ರೇಕ್ ಹಾಕಿದ್ದರಿಂದ ಇಬ್ಬರೂ ಉಳಿದರು. ಮುಂದಿನ ಸೀಟಿನಲ್ಲಿ ಕೂರಿಸಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಸಂಗಮೇಶ ಅವಳನ್ನು ಹಿಂದೆ ಕೂರಿಸಿ ಬೆಲ್ಟು ಹಾಕಿ, ತಾನು ಮುಂದೆ ಬಂದು ಕುಳಿತ.

ಆಗ ಅವನಿಗೆ ಹೊಳೆಯಿತು. ಯಾವ ಭುಜಕ್ಕಾಗಿ ಅವಳು ಈ ಗಾಡಿಯನ್ನು ಆರಿಸಿದ್ದಳೋ ಆ ಭುಜ ಈಗ ಮುಂದಿನ ಸೀಟಿನಲ್ಲಿತ್ತು. ಮಗಳನ್ನು ಹಡಗಿಗೆ ಕಳಿಸಿ, ಗಂಡನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತನಗೆಂದು ಇಟ್ಟುಕೊಂಡ ಆ ಒಂದು ಜಾಗವನ್ನೂ ಅವಳು ತನ್ನ ಕೈಯಾರೆ ಖಾಲಿ ಮಾಡಿದ್ದಳು. ಅಂದು ಕೋಣೆಯಲ್ಲಿ ನಾಲ್ಕು ಜನರಿದ್ದರು, ಜೊತೆಗೆ ಅಷ್ಟು ದೊಡ್ಡ ಗಣಕವಿತ್ತು. ಇದು ಯಾರಿಗೂ ಹೊಳೆದಿರಲಿಲ್ಲ.

ತಸ್ನೀಮ್ ಅವರು ವರ್ಷಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅಂದಿನ ಪ್ರದರ್ಶನದ ನಂತರ ಅವರು ಕೋಣೆಯ ನಿಯಮ ಬದಲಿಸಿದ್ದರು. ತಿಳಿಯಬೇಕೋ ಬೇಡವೋ ಎಂದು ಮೊದಲೇ ಕೇಳದೆ ಈಗ ಯಾರಿಗೂ ಏನೂ ತೋರಿಸುತ್ತಿರಲಿಲ್ಲ. ಸಂಗಮೇಶ ಸೀಟಿನ ಸಂಗತಿ ಹೇಳಿದಾಗ ಅವರು, “ನನ್ನ ಯಂತ್ರಕ್ಕ ಓಡೋ ಗಾಡಿ ಅಷ್ಟೇ ಗೊತ್ರಿ,” ಎಂದರು. “ಗಾಡಿ ಅಂದಮ್ಯಾಲೆ ಓಡಲೇಬೇಕು ಅಂತ ನಾನೂ ತಿಳಕೊಂಡಿದ್ದೆ.” ಹಾಗೇಕೆ ಹೇಳಿದರೆಂದು ಅವರಿಗೂ ತಿಳಿದಿತ್ತೋ ಇಲ್ಲವೋ, ಸಂಗಮೇಶನ ತಲೆಯಲ್ಲಿ ಆ ಮಾತು ಉಳಿಯಿತು.

ಏಳನೆಯ ವರ್ಷಕ್ಕೆ ದಾಕ್ಷಾಯಿಣಿಗೆ ಗಂಡನ ಗುರುತು ಹತ್ತುವುದು ಅಪರೂಪವಾಯಿತು. ಗಾಡಿಯಲ್ಲಂತೂ ಅವಳಿಗೆ ಕಾಣುತ್ತಿದ್ದದ್ದು ಒಂದು ಬೋಳು ತಲೆಯ ಹಿಂಭಾಗ. ಈ ಡ್ರೈವರ್ ನನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾನೆ ಎಂದು ಅವಳು ಗಾಬರಿಯಾಗಿ ಬಾಗಿಲು ತಡಕುತ್ತಿದ್ದಳು. ಅವನು ಮಾತಾಡಿಸಿದಷ್ಟೂ ಹೆದರಿಕೆ ಹೆಚ್ಚುತ್ತಿತ್ತು.

ಧಾರವಾಡದ ಆಸ್ಪತ್ರೆಗೆ ಹೊರಟಿದ್ದ ಒಂದು ಮಧ್ಯಾಹ್ನ, ಉಣಕಲ್ ಕೆರೆ ದಾಟಿದ ಮೇಲೆ ಅವಳು ಸಣ್ಣ ಮಗುವಿನಂತೆ ಅಳತೊಡಗಿದಳು. ಸಂಗಮೇಶ ಗಾಡಿಯನ್ನು ರಸ್ತೆಯ ಅಂಚಿಗೆ, ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಇಳಿದು, ಹಿಂದಿನ ಬಾಗಿಲು ತೆರೆದು, ಏನೂ ಮಾತಾಡದೆ ಅವಳ ಪಕ್ಕದಲ್ಲಿ ಕುಳಿತ. ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗಿತು. ಅವಳು ಬಿಕ್ಕುತ್ತಲೇ ಅವನನ್ನು ಒಮ್ಮೆ ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ತಲೆ ಅವನ ಭುಜದ ಮೇಲೆ ಬಂದು ನಿಂತಿತು. ಉಸಿರು ಹದಕ್ಕೆ ಬಂತು. ಲಾರಿ, ಬಸ್ಸುಗಳು ಗುಬ್ಬಿಯನ್ನು ಅಲುಗಾಡಿಸುತ್ತ ಸಾಗಿಹೋಗುತ್ತಿದ್ದವು. ಆಸ್ಪತ್ರೆಯ ಹೊತ್ತು ಮೀರಿತು. ಅವನು ಏಳಲಿಲ್ಲ.

ಅಂದಿನಿಂದ ಅವರ ಪ್ರಯಾಣಗಳು ಹಾಗೆಯೇ ಆದವು. ಸ್ವಲ್ಪ ದೂರ ಓಡುವುದು, ಅವಳಿಗೆ ಅಂಜಿಕೆ ಹತ್ತುತ್ತಲೇ ನಿಲ್ಲುವುದು, ಅವನು ಹಿಂದೆ ಹೋಗಿ ಕೂರುವುದು. ಕೆಲವೊಮ್ಮೆ ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಕೆರೆಯ ತನಕ ಬಂದು ನಿಲ್ಲಿಸಿಕೊಂಡು ಕೂರುತ್ತಿದ್ದರು.

ಒಂದು ಸಂಜೆ ಟ್ರಾಫಿಕ್ ಪೊಲೀಸಿನವನೊಬ್ಬ ಬೈಕು ನಿಲ್ಲಿಸಿ ಕಿಟಕಿಯೊಳಗೆ ಬಗ್ಗಿ ನೋಡಿದ. ಮುಂದಿನ ಎರಡೂ ಸೀಟು ಖಾಲಿ, ಹಿಂದೆ ಇಬ್ಬರು ವಯಸ್ಸಾದವರು. ಗಾಡಿ ಕೆಟ್ಟಿದೆಯೇ, ಡ್ರೈವರ್ ಎಲ್ಲಿ ಎಂದು ಅವನು ಕೇಳಿದ. ಸಂಗಮೇಶ ಬಾಯಿ ತೆರೆಯುವ ಮೊದಲೇ ದಾಕ್ಷಾಯಿಣಿ ಕಣ್ಣು ಬಿಟ್ಟಳು. ಎಷ್ಟೋ ದಿನಗಳಿಂದ ಅವಳ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದಿರಲಿಲ್ಲ.

“ಡ್ರೈವರ್ ಎಲ್ಲೋ ಹೋಗ್ಯಾನ್ರಿ. ಅವ ಬರೂದು ಬ್ಯಾಡ. ಇವರು ಭಾಳ ಛಲೋ ಮನಷ್ಯಾರು, ನನ್ನ ಜೋಡಿ ಕುಂತಾರ.”

ಹೇಳಿ ಅವಳು ಮತ್ತೆ ಕಣ್ಣು ಮುಚ್ಚಿದಳು. ಸಂಗಮೇಶ ಭುಜ ಅಲುಗದಂತೆ ನೋಡಿಕೊಂಡು, ಪೊಲೀಸಿನವನಿಗೆ ಹೋಗುವಂತೆ ಕಣ್ಣಿನಲ್ಲೇ ಸೂಚಿಸಿದ.