ಕಂಪನಿ ಓಣಿಯ ಪರದೆ

"ಕಿರ್ ಅಂತ ಸಣ್ಣ ಸಪ್ಪಳ, ಯವ್ವಾ. ಪರದಿ ಏರಿಸಿ ಇಳಸೋ ಗಡಗಡಿದು. ರಾತ್ರಿ ಎರಡಾಗಿತ್ತು. ಬೆಕ್ಕಿರಬೇಕಂತ ಮಗ್ಗಲಾ ಬದಲಿಸಿದೆ."

2024ರ ನವೆಂಬರ್ 8, ಶುಕ್ರವಾರ, ಬೆಳಿಗ್ಗೆ 7.40. ಲಿಂಗಸುಗೂರು ಠಾಣೆಯಲ್ಲಿ ಹುಸೇನಮ್ಮ ಹೇಳಿದ್ದನ್ನು ಪಿಎಸ್‌ಐ ಅಮರೇಶ್ವರಿ ಬರೆದುಕೊಂಡಳು. ಮೂರು ದಿನದ ಬಂದೋಬಸ್ತಿನಿಂದ ಕಣ್ಣು ಉರಿಯುತ್ತಿತ್ತು. ಕಳುವಾದದ್ದು ಕಂಪನಿ ಓಣಿಯ ತಾಲೀಮು ಮನೆಯಲ್ಲಿದ್ದ, ಕಲಾವಿದರ ಸಂಘಕ್ಕೆ ಸೇರಿದ, ಅರಮನೆ ಚಿತ್ರದ ನಾಟಕದ ಪರದೆ. ಹುಸೇನಮ್ಮ ಒಂದು ಕಾಲದ ನಟಿ. ಈಗ ಅದೇ ಓಣಿಯಲ್ಲಿ ಚಹಾದಂಗಡಿ. ಎಫ್‌ಐಆರ್ ದಾಖಲಾಯಿತು.

ನಾಟಕ ಕಂಪನಿ ಮುಚ್ಚಿದ ಮೇಲೂ ಊರಿಗೆ ಮರಳದವರ ಓಣಿ ಅದು. ಒಂದು ಮನೆಯಲ್ಲಿ ಹಾರ್ಮೋನಿಯಂ ರಿಪೇರಿ, ಪಕ್ಕದಲ್ಲಿ ತಬಲಾ ಬಿಗಿಯುವವರು, ಗೋಡೆಗೋಡೆಗೂ ಹಳೆಯ ನಾಟಕಗಳ ಬಣ್ಣದ ಬೋರ್ಡು. ಓಣಿ ಏಳುವುದೇ ಹನ್ನೊಂದಕ್ಕೆ. ಈಚೆಗೆ ಸಿಂಧನೂರು, ಮಸ್ಕಿಯಿಂದಲೂ ಹುಡುಗರು ಫೋಟೋ ತೆಗೆಯಲು ಬರುತ್ತಿದ್ದರು. ಯಾವ ಹೊತ್ತಿಗೆ ಬಂದ ಕಲಾವಿದನಿಗೂ ಮಲಗಲು ಚಾಪೆ ಸಿಗಬೇಕೆಂದು ತಾಲೀಮು ಮನೆಗೆ ಬೀಗ ಹಾಕದಿರುವುದು ಅಲ್ಲಿನ ರಿವಾಜು.

"ಕಳ್ಳಗ ವೀಳ್ಯ ಕೊಟ್ಟು ಕರದಂಗಾತು," ಎಂದ ಕಾನ್‌ಸ್ಟೆಬಲ್ ಅಂಬಪ್ಪ.

9.15ಕ್ಕೆ ಸ್ಥಳ ಪಂಚನಾಮೆ. ಹಗ್ಗ ಕೊಯ್ದಿರಲಿಲ್ಲ; ಬಿಚ್ಚಿ, ಮತ್ತೆ ಗೂಟಕ್ಕೆ ಸುತ್ತಿಟ್ಟಿದ್ದರು. ಪರದೆ ಕಟ್ಟಿದ್ದ ಹದಿನಾರು ಅಡಿಯ ಬಿದಿರೂ ಇರಲಿಲ್ಲ.

"ಬಿದಿರು ಯಾಕ ಒಯ್ದಾರ?" ಅಮರೇಶ್ವರಿ ಕೇಳಿದಳು.

ಹುಸೇನಮ್ಮನ ಗಂಡ, ಹಾರ್ಮೋನಿಯಂ ಮಾಸ್ತರ ಮಲೀಕಸಾಬ ಹೇಳಿದ: "ಪರದಿ ಮಡಚಿದ್ರ ಬಣ್ಣ ಉದುರತೈತ್ರಿ. ಹೊರಗಿನವ ಆಗಿದ್ರ ಮಡಚಿ ಚೀಲಕ್ಕ ತುಂಬತಿದ್ದ. ನಮ್ಮವರು ಬಿದಿರಿಗೇ ಸುತ್ತೋದು."

'ನಮ್ಮವರು' ಅಂದವನೇ ನಾಲಿಗೆ ಕಚ್ಚಿಕೊಂಡ.

ಹದಿನಾರು ಅಡಿಯ ಸುರುಳಿ ಬಸ್ಸಿನೊಳಗೆ ಹಿಡಿಯದು. ಅಂಬಪ್ಪ ಸರಕಿನ ಗಾಡಿಗಳ ಸ್ಟ್ಯಾಂಡಿನಲ್ಲಿ ವಿಚಾರಿಸಿದ. ಚಾಲಕ ತಾಯಪ್ಪ ಮುಚ್ಚಿಡಲಿಲ್ಲ. "ಕಂಪನಿ ಓಣಿ ಪೇಂಟರ್ ನರಸಣ್ಣ ಮಾವ ರೀ. ಪೈಪ್ ಅಂದ. ಸಂತೆಕಲ್ಲೂರಿಗೆ, ಅವನ ತಂಗಿ ಮನಿಗೆ ಬಿಟ್ಟೆ."

ಮಧ್ಯಾಹ್ನ 3.30, ಸಂತೆಕಲ್ಲೂರಿನ ಆ ಮನೆ. ಅಂಬಪ್ಪ ಪಂಚರನ್ನು ಕರೆಯಲು ಹೋದ. ನರಸಣ್ಣ ಸುರುಳಿಯ ಪಕ್ಕದಲ್ಲೇ ಕುಳಿತಿದ್ದ.

"ಯಾಕ ಒಯ್ದ್ರಿ?"

"ನಾನ ಬರದದ್ದು."

"ಪರದಿ ಸಂಘದ್ದು."

"ಹೂಂ ರೀ. ಸೋಮವಾರ ಅದರ ಮ್ಯಾಲೆ ಹೊಸಾ ಬಣ್ಣ ಹೊಡಿಯೋರಿದ್ರು. ಫೋಟೋದಾಗ ಝಗಝಗ ಕಾಣಬೇಕಂತ."

ಅಮರೇಶ್ವರಿ ಸುರುಳಿಯನ್ನು ಎರಡು ಮಾರು ಬಿಚ್ಚಿದಳು. ಅರಮನೆಯ ಕಿಟಕಿಯಲ್ಲಿ ಒಬ್ಬಳು ಹೆಂಗಸು, ಗದ್ದದ ಎಡಕ್ಕೆ ಮಚ್ಚೆ. ಬೆಳಿಗ್ಗೆ ದೂರು ಕೊಟ್ಟವಳ ಮುಖದಲ್ಲಿ ವಯಸ್ಸು ಎಲ್ಲವನ್ನೂ ಅಳಿಸಿತ್ತು, ಆ ಮಚ್ಚೆಯನ್ನು ಬಿಟ್ಟು.

ಅವಳು ನೋಡಿದ್ದನ್ನು ನರಸಣ್ಣ ನೋಡಿದ.

"ನನ್ನ ಕಳ್ಳ ಅಂತ ಬರೀರಿ, ಮೇಡಮ್ಮಾರ. ಇದನ್ನ ಬರೀಬ್ಯಾಡ್ರಿ. ಆಕಿಗೂ ಗೊತ್ತಿಲ್ಲ. ಮಲೀಕಸಾಬ ನಲವತ್ತು ವರ್ಷ ನನಗ ಅನ್ನ ಹಾಕ್ಯಾನ."

ಹೊರಗೆ ಅಂಬಪ್ಪನ ದನಿ ಕೇಳಿಸಿತು. ಅಮರೇಶ್ವರಿ ಪರದೆಯನ್ನು ತಾನೇ ಬಿದಿರಿಗೆ ಸುತ್ತಿದಳು.

4.40ಕ್ಕೆ ದಸ್ತಗಿರಿ. ಹೇಳಿಕೆಯಲ್ಲಿ 'ಕಾರಣ ತಿಳಿಸಲಿಲ್ಲ' ಎಂದು ಬರೆದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಸುಳ್ಳೆಂದು ಗೊತ್ತಿದ್ದೇ ಬರೆದ ಮೊದಲ ಸಾಲು. ಎರಡು ಸಲ ಓದಿದಳು, ಹೊಡೆದುಹಾಕಲಿಲ್ಲ. ಪರದೆ ಜಪ್ತಿಯಾದ ಮುದ್ದೆಮಾಲಾಗಿ ಠಾಣೆ ಸೇರಿತು. ನ್ಯಾಯಾಲಯದ ಆದೇಶ ಬರುವತನಕ ಸೋಮವಾರದ ಬಣ್ಣ ಅದನ್ನು ಮುಟ್ಟುವಂತಿರಲಿಲ್ಲ.

ಸಂಜೆ ಹುಸೇನಮ್ಮ ಠಾಣೆಗೆ ಬಂದಳು. ಕೈಯಲ್ಲಿ ನರಸಣ್ಣನಿಗೆಂದು ತಂದ ಚಹಾದ ಫ್ಲಾಸ್ಕ್.

"ಅಂವಗ ನಾವೇನ ಕಡಿಮಿ ಮಾಡಿದ್ವಿ, ಯವ್ವಾ? ಯಾಕ ಒಯ್ದನಂತ?"

ಅಮರೇಶ್ವರಿ ಆ ಮಚ್ಚೆಯತ್ತ ನೋಡದಿರಲು ಫೈಲಿನ ದಾರ ಬಿಗಿದಳು.

"ಹೇಳಲಿಲ್ಲ," ಅಂದಳು. ಅಂಬಪ್ಪ ಕೇಳಿದರೂ, ಸಾಹೇಬರು ಕೇಳಿದರೂ ಇನ್ನು ಉತ್ತರ ಅಷ್ಟೇ.